ನರ್ಸ್‌ಗಳ ಬಗ್ಗೆ ಜನರ ಅಭಿಪ್ರಾಯ ಸುಧಾರಿಸಲು ಏನು ಮಾಡಬೇಕು?

ಮೊದಲು ಹೊಗಳಿಕೆ ಕಡಿಮೆ ಮಾಡಬೇಕು. ಸುಮ್ನೆ ಹೇಳ್ತಿಲ್ಲ. ಪ್ರತಿ ಮೇ 12ಕ್ಕೆ, ನರ್ಸ್‌ಗಳ ದಿನ ಅಂತ, ಹೂ ಕೊಟ್ಟು 'ದೇವತೆಗಳು' ಅಂತೀವಿ, ಆದರೆ ದೇವತೆಗೆ ಸಂಬಳ, ರಜೆ ಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ?

ಅದರ ಬದಲು ಕೆಲಸ ತೋರಿಸಿ. ನಡುರಾತ್ರಿ, ಆಪರೇಷನ್ ಆದ ರೋಗಿಯ ಉಸಿರಾಟ ನಿಮಿಷಕ್ಕೆ 16 ಇದ್ದದ್ದು 26 ಆಗಿದೆ, ಬಿಪಿ ಇಳಿಯುತ್ತಿದೆ, ಮಾತು ಸ್ವಲ್ಪ ತಡವರಿಸುತ್ತಿದೆ. ಸೋಂಕು ರಕ್ತಕ್ಕೆ ಏರಿರಬಹುದು ಅಂತ ಅನುಮಾನಿಸಿ ಡಾಕ್ಟರನ್ನು ಎಬ್ಬಿಸುವುದು ನರ್ಸ್. ಬರೆದ ಡೋಸ್ ಜಾಸ್ತಿ ಅನಿಸಿದರೆ ಕೊಡದೆ ನಿಲ್ಲಿಸಿ ಕೇಳುವುದೂ ಅವರೇ. ಇದು 'ಡಾಕ್ಟರ್ ಹೇಳಿದ್ದು ಮಾಡೋ' ಕೆಲಸ ಅಲ್ಲ ಅಲ್ವಾ?

ಲೆಕ್ಕವೂ ಇದೆ. 2002ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಅಧ್ಯಯನ ಮಾಡಿತು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಸುಮಾರು ಶೇ. 7ರಷ್ಟು ಏರಿತ್ತು. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ನಮಗೆ ಕೈಯಲ್ಲಿನ ದೀಪ ಮಾತ್ರ ನೆನಪು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಕ್ಕಿಂತ ತಡೆಯಬಹುದಾದ ಕಾಯಿಲೆಗಳಿಂದಲೇ ಹೆಚ್ಚು ಸತ್ತರು ಅಂತ ಅವರು 1858ರಲ್ಲಿ ಚಿತ್ರನಕ್ಷೆ ಹಾಕಿ ತೋರಿಸಿದ್ದು ಎಷ್ಟು ಜನಕ್ಕೆ ಗೊತ್ತು?

ನರ್ಸ್‌ಗಳೂ ಹೆಸರು, ಹುದ್ದೆ ಹೇಳಿಕೊಂಡೇ ಮಾತು ಶುರು ಮಾಡಲಿ. ಗಾಯದ ಆರೈಕೆ, ಸೋಂಕು ತಡೆ, ಲಸಿಕೆ ಇಂಥ ಸುದ್ದಿಗೆ ಮಾಧ್ಯಮದವರು ಬಂದಾಗ ಆಸ್ಪತ್ರೆಗಳು ಮೈಕ್ ನರ್ಸ್‌ಗಳಿಗೂ ಕೊಡಲಿ. ಕಾಲೇಜಿನ ಜಾಹೀರಾತುಗಳಲ್ಲಿ ಗಂಡಸು ನರ್ಸ್‌ಗಳೂ ಕಾಣಿಸಲಿ. ಇಷ್ಟೆಲ್ಲ ಮಾಡಿ ಸಂಬಳ ಮಾತ್ರ ಹಾಗೇ ಇಟ್ಟರೆ ಯಾರೂ ನಂಬಲ್ಲ ಬಿಡಿ.