ಬಾಡಿಗೆ ಸಾಫ್ಟ್‌ವೇರು, ಒಡೆದ ಒತ್ತಕ್ಷರ

ಪ್ರಶ್ನೆ: ಸರ್, ಸೂಪರ್ ಮಾರ್ಕೆಟ್ ಹತ್ರ ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡೋ ಅಂಗಡಿ ನಂದು. ಮೊದಲ ಒಮ್ಮೆ ರೊಕ್ಕ ಕೊಟ್ರ ಸಾಫ್ಟ್‌ವೇರ್ ನಮ್ದೇ ಆಗ್ತಿತ್ತು, ಈಗ ವರ್ಷಾ ಕಟ್ಬೇಕು. ಕಟ್ಟಿದ್ರೂ ಯೂನಿಕೋಡ್‌ದಾಗ ‘ಶರಣಬಸವೇಶ್ವರ’ ಹೊಡೆದ್ರ ‘ಶ್ವ’ ಒಡೀತದ. ಅಪ್‌ಡೇಟಿಗೊಂದು ಎಐ ಬಟನ್ ಬರ್ತದ, ಇದು ಮಾತ್ರ ಹಂಗೇ ಅದ. ಬಿಟ್ಟುಬಿಡ್ಲೇನ್ರಿ?
— ಓದುಗ, ಕಲಬುರಗಿ

ಉತ್ತರ: ನಾನೂ ಇದೇ ಊರಲ್ಲಿ ಡಿಟಿಪಿ ಮಾಡಿ ಕಣ್ಣು ಕೆಡಿಸಿಕೊಂಡವನು. ಜಾತ್ರೆಯ ಹಿಂದಿನ ರಾತ್ರಿ, ಬ್ಯಾನರ್ ಅರ್ಧಕ್ಕೆ ಬಂದಾಗ ಪರದೆ ಮೇಲೆ ‘ಚಂದಾ ಮುಗಿದಿದೆ’! ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಚಂದಾ 15,000 ರೂ. ದಾಟಿದರೆ ತಾನಾಗಿ ಕಡಿತವಾಗುವುದಿಲ್ಲ, ಪ್ರತಿ ಸಲ ಒಟಿಪಿ ಬೇಕು. ಕಾರ್ಡು ನನ್ನ ತಮ್ಮನದು. ಒಟಿಪಿ ಬಂದದ್ದು ಸೇಡಂನಲ್ಲಿ ಗೊರಕೆ ಹೊಡೆಯುತ್ತಿದ್ದ ಅವನ ಫೋನಿಗೆ. (ಸಾಫ್ಟ್‌ವೇರು ವಾರದಿಂದ ಎಚ್ಚರಿಸುತ್ತಿತ್ತು, ಓದದೇ ಮುಚ್ಚುತ್ತಿದ್ದವನು ನಾನೇ.)

ಒತ್ತಕ್ಷರದ ಮಾತು ಬೇರೆ. ಯೂನಿಕೋಡ್ ಎಂಬುದು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಅದರಲ್ಲಿ ‘ಶ್ವ’ ಎಂದರೆ ಶ, ಹಲಂತ (ಸ್ವರ ತೆಗೆಯುವ ಚಿಹ್ನೆ), ವ ಎಂಬ ಮೂರು ಸಂಕೇತ. ಅವನ್ನು ಕೂಡಿಸುವ ನಿಯಮ ಫಾಂಟಿನಲ್ಲೇ ಇರುತ್ತದೆ, ಸಾಫ್ಟ್‌ವೇರು ಅದನ್ನು ಕೇಳಬೇಕಷ್ಟೆ. ಕೇಳುವ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಪುಕ್ಕಟೆ ಎಂಜಿನ್ ಇದೆ, ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿ ಕಾಣುವುದು ಅದರಿಂದಲೇ. ಹಾಗಾಗಿ ‘ಕಷ್ಟ’ ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಆದರೂ ಬೈಯುವ ಮೊದಲು ಪ್ಯಾರಾಗ್ರಾಫ್ ಸೆಟ್ಟಿಂಗ್ ನೋಡಿ. ಕೆಲವು ಸಾಫ್ಟ್‌ವೇರುಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರನ್ನು (ಅಕ್ಷರ ಜೋಡಿಸುವ ವಿಧಾನವನ್ನು) ಬೇರೆಯಾಗಿ ಆರಿಸಬೇಕು. ಬೇಸತ್ತು, ಯೂನಿಕೋಡ್ ಬಿಟ್ಟು ತನ್ನದೇ ಸಂಕೇತ ಬಳಸುವ ಹಳೇ ನುಡಿ ಫಾಂಟಿಗೆ ಮರಳಿದರೆ ಅಚ್ಚು ಚೆಂದ ಬರುತ್ತದೆ, ಆದರೆ ಅದೇ ಸಾಲನ್ನು ವಾಟ್ಸಾಪಿಗೆ ಹಾಕಿದರೆ ಬೀಗರ ಹೆಸರೂ ಗುರುತು ಸಿಗುವುದಿಲ್ಲ.

ಬಿಡಬೇಕೆ? ಲಗ್ನದ ಸೀಸನ್ ನಡುವೆ ಬೇಡ. ಒಂದು ಕಂಪ್ಯೂಟರಿಗೆ ಇಂಕ್‌ಸ್ಕೇಪ್ ಎಂಬ ಡಿಸೈನ್ ಸಾಫ್ಟ್‌ವೇರ್ ಹಾಕಿ, ಪುಕ್ಕಟೆ. ಒತ್ತು ಸರಿ ಕೂರುತ್ತದೆ. ಆದರೆ ಅದು ಕೆಲಸ ಮಾಡುವುದು ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬಣ್ಣದಲ್ಲಿ. ಫ್ಲೆಕ್ಸ್‌ಗೆ ಸಾಮಾನ್ಯವಾಗಿ ನಡೆಯುತ್ತದೆ, ಮಷಿನ್ನಿಗೆ ಚಿತ್ರ ಕಳಿಸುವ ರಿಪ್ ಸಾಫ್ಟ್‌ವೇರು ಬಣ್ಣ ಬದಲಿಸಿಕೊಳ್ಳುತ್ತದೆ. ನಾಲ್ಕು ಬಣ್ಣದ ಆಫ್‌ಸೆಟ್ ಲಗ್ನಪತ್ರಿಕೆಗೆ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕ ಬೇಕು. ಅದಕ್ಕೆ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್ ಇದೆ, 2024ರಲ್ಲಿ ಬಂದ 1.6 ಆವೃತ್ತಿಯನ್ನೋ ಅದಕ್ಕಿಂತ ಹೊಸದನ್ನೋ ಹಾಕಿ. ಕೈಗೆ ಹತ್ತಲು ತಿಂಗಳಾದರೂ ಬೇಕು, ಮೊದಲ ವಾರ ನನ್ನನ್ನೂ ಬೈಯುತ್ತೀರಿ.

ಚಂದಾ ಇರುವಾಗಲೇ ಹಳೇ ಡಿಸೈನುಗಳನ್ನೆಲ್ಲ ಪಿಡಿಎಫ್ ಮತ್ತು ಎಸ್‌ವಿಜಿ (ಇಂಕ್‌ಸ್ಕೇಪ್ ತೆರೆಯುವ ಚಿತ್ರದ ಫೈಲು) ಮಾಡಿಟ್ಟುಕೊಳ್ಳಿ. ರದ್ದು ಮಾಡುವ ಮುಂಚೆ ಕರಾರು ಓದಿ. ವರ್ಷದ ಒಪ್ಪಂದವನ್ನು ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದರೆ ನಡುವೆ ಬಿಟ್ಟವರಿಗೆ ದಂಡ ಬೀಳುವುದುಂಟು.