ಪೋಲ್‌ವಾಲ್ಟ್‌ನಲ್ಲಿ ದೊಡ್ಡ ಮಟ್ಟಕ್ಕೆ ಹೋದವರ ಬದುಕು ಹೇಗಿರುತ್ತದೆ? ಮಗಳನ್ನು ಸೇರಿಸಬಹುದಾ?

ಮಗಳು ಉಡುಪಿಯಲ್ಲಿ ಎಂಟನೇ ಕ್ಲಾಸ್, ಹೈಜಂಪ್ ಮಾಡುತ್ತಾಳೆ, ವಿಶ್ವದಾಖಲೆಯ ಡುಪ್ಲಾಂಟಿಸ್ ಹಾರುವ ವಿಡಿಯೋ ನೋಡಿದ ಮೇಲೆ ಪೋಲ್‌ವಾಲ್ಟೇ ಬೇಕು ಅಂತ ಹಟ ಹಿಡಿದಿದ್ದಾಳೆ ಅಂತ ಬರೆದಿದ್ದೀರಿ. ಹದಿಮೂರು ವರ್ಷ ಅಂದರೆ ತಡ ಆಯ್ತಾ, ಇದನ್ನೇ ನಂಬಿಕೊಂಡವರ ಜೀವನ ಹೇಗೆ ಅಂತ ಕೇಳಿದ್ದೀರಿ.

ನಾನು ದೊಡ್ಡ ಆಟಗಾರ ಅಲ್ಲ. ಕಾಲೇಜಿನಲ್ಲಿ ಮೂರು ವರ್ಷ ಹಾರಿದೆ, ನನ್ನ ಅತಿ ಹೆಚ್ಚಿನ ಎತ್ತರ 3.60 ಮೀಟರ್. ಈಗ ಮಂಗಳೂರಲ್ಲಿ ಬೇರೆಯೇ ಕೆಲಸ. ಕ್ರೀಡಾಕೂಟ ಇದ್ದಾಗ ಮಾತ್ರ ಬಾರ್ ಎತ್ತಿಡಲಿಕ್ಕೆ, ಅಳತೆ ಹಿಡಿಯಲಿಕ್ಕೆ ಹೋಗುತ್ತೇನೆ. ಹಾಗಾಗಿ ಇದು ಕೆಳಗೆ ನಿಂತು ನೋಡಿದವನ ಉತ್ತರ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ತಡ ಆಗಿಲ್ಲ. ರಷ್ಯಾದ ಯೆಲೆನಾ ಇಸಿನ್‌ಬಯೇವಾ ಹದಿನೈದರವರೆಗೆ ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದಳು. ತೀರಾ ಎತ್ತರ ಬೆಳೆದದ್ದರಿಂದ ಅಲ್ಲಿಂದ ಬಿಡಿಸಿ ಇಲ್ಲಿಗೆ ಹಾಕಿದರು. 2005ರಲ್ಲಿ ಲಂಡನ್‌ನಲ್ಲಿ ಐದು ಮೀಟರ್ ದಾಟಿದ ಮೊದಲ ಹೆಂಗಸು ಅವಳೇ.

ವಯಸ್ಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಉಂಟು. ಹಾರಿದ ಮೇಲೆ ಬೀಳುವ ಸ್ಪಂಜಿನ ಬೆಡ್ ಎಲ್ಲಿದೆ?

ಸುಮ್ನೆ ಹೇಳುತ್ತಿಲ್ಲ. ಡುಪ್ಲಾಂಟಿಸ್ ನಾಲ್ಕು ವರ್ಷದ ಮಗು ಇದ್ದಾಗಲೇ ಹಾರಲು ಶುರು ಮಾಡಿದ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಶುರು ಮಾಡಿದ? ಅಮೆರಿಕದ ಲೂಸಿಯಾನಾದಲ್ಲಿ ಅವರ ಮನೆಯ ಹಿತ್ತಲಲ್ಲೇ ಓಡುವ ರನ್‌ವೇ, ಪೋಲ್ ಊರುವ ಬಾಕ್ಸ್, ಬೆಡ್ ಎಲ್ಲ ಇತ್ತು. ಅಪ್ಪ ಗ್ರೆಗ್ ಸ್ವತಃ 5.80 ಹಾರಿದವನು. ಅಮ್ಮ ಸ್ವೀಡನ್‌ನವಳು, ಹಾಗಾಗಿ ಇವನು ಆಡುವುದು ಸ್ವೀಡನ್ ಪರ. ಏಷ್ಯಾದಲ್ಲಿ ಆರು ಮೀಟರ್ ದಾಟಿದ ಮೊದಲಿಗ ಫಿಲಿಪ್ಪೀನ್ಸ್‌ನ ಇಜೆ ಒಬಿಯೆನಾ. ಅವನ ಅಪ್ಪನೂ ಪೋಲ್‌ವಾಲ್ಟರ್. ಆಮೇಲೆ ಅವನು ಇಟಲಿಯ ಫೋರ್ಮಿಯಾಕ್ಕೆ ಹೋಗಿ, ಹಳೇ ವಿಶ್ವದಾಖಲೆಗಾರ ಬುಬ್ಕಾಗೆ ಕಲಿಸಿದ ವಿಟಾಲಿ ಪೆಟ್ರೋವ್ ಹತ್ತಿರ ಕಲಿತ. ನಮ್ಮ ದೇಶದ ದಾಖಲೆಯ ಪಟ್ಟಿ ತೆಗೆದರೂ ಅಷ್ಟೇ. ಹಿಂದೆ ರಾಷ್ಟ್ರೀಯ ದಾಖಲೆ ಮಾಡಿದ್ದ ಸುರೇಖಾ, ಶಿವ, 2022ರ ಗಾಂಧಿನಗರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 4.20 ಹಾರಿದ ರೋಸಿ ಮೀನಾ, ಎಲ್ಲ ತಮಿಳುನಾಡಿನವರು. ಅಲ್ಲಿನವರ ರಕ್ತದಲ್ಲಿ ಏನೋ ಇದೆ ಅಂತಲ್ಲ. ಒಬ್ಬರು ಹಾರಿದ ಬೆಡ್ಡಿನಲ್ಲಿ ಇನ್ನೊಬ್ಬರು ಕಲಿಯುತ್ತಾರೆ, ಅಷ್ಟೇ ಅಂತ ನನ್ನ ಲೆಕ್ಕ.

ನಮ್ಮ ಕರಾವಳಿಯ ಕಥೆ ನಿಮಗೇ ಗೊತ್ತುಂಟಲ್ಲ. ದೊಡ್ಡ ಕೂಟಕ್ಕೆ ಬಾಕ್ಸ್‌ನ ಹಿಂದೆ ಕನಿಷ್ಠ 6 ಮೀಟರ್ ಉದ್ದ, 6 ಮೀಟರ್ ಅಗಲದ ಬೆಡ್ ಬೇಕು. ಅಂದರೆ ಒಂದು ದೊಡ್ಡ ಕೋಣೆಯಷ್ಟು ಸ್ಪಂಜು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಎಲ್ಲಿಡುತ್ತೀರಿ? ನಾವು ಹಾರುತ್ತಿದ್ದ ಬೆಡ್ಡಿಗೆ ನೀಲಿ ಟಾರ್ಪಾಲ್ ಹೊದಿಸಿ ಮೂಲೆಗಳಿಗೆ ಕೆಂಪು ಕಲ್ಲು ಹೇರುತ್ತಿದ್ದೆವು. ಆದರೂ ಅಡಿಯಿಂದ ನೀರು ಕುಡಿಯುತ್ತಿತ್ತು. ದಸರಾ ರಜೆ ಮುಗಿಸಿ ಬಂದು ಟಾರ್ಪಾಲ್ ಎತ್ತಿದರೆ ಹಳೇ ಗೋಣಿಚೀಲದ ವಾಸನೆ. ಮೊದಲ ಜಂಪ್‌ಗೆ ಬೆನ್ನು ಪೂರ್ತಿ ಒದ್ದೆ. ನೀರು ಕುಡಿದ ಸ್ಪಂಜು ಗಟ್ಟಿ, ಬಿದ್ದರೆ ಗದ್ದೆಯ ಹುಣಿಯ ಮೇಲೆ ಬಿದ್ದ ಹಾಗೆ.

ಬೆಡ್ ಆದ ಮೇಲೆ ಪೋಲ್. ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ಪೋಲ್ ಅಂದರೆ ಕ್ರಿಕೆಟ್ ಬ್ಯಾಟ್ ಹಾಗೆ ಒಂದು ತಗೊಂಡರೆ ಮುಗಿಯುವುದಿಲ್ಲ. ಪ್ರತಿ ಪೋಲ್ ಮೇಲೂ ಅದರ ಉದ್ದ, ಎಷ್ಟು ತೂಕದವರಿಗೆ ಅಂತ ಬರೆದಿರುತ್ತದೆ. ನಿಮ್ಮ ಮಗಳ ತೂಕಕ್ಕೆ ತಕ್ಕದ್ದೇ ಕೊಡಬೇಕು. ಅವಳ ಓಟ ಚುರುಕಾದ ಹಾಗೆ ಆ ಪೋಲ್ ಜಾಸ್ತಿ ಬಗ್ಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಆಗ ಇನ್ನೊಂದು ಗಟ್ಟಿಯದ್ದು, ಆಮೇಲೆ ಸ್ವಲ್ಪ ಉದ್ದದ್ದು. ದೊಡ್ಡವರು ಕೂಟಕ್ಕೆ ಬರುವಾಗ ಚೀಲದಲ್ಲಿ ಐದಾರು ಇರುತ್ತವೆ. ಹೊರದೇಶದಿಂದ ತರಿಸುವ ಒಳ್ಳೆಯ ಪೋಲ್ ಒಂದಕ್ಕೇ ಅರ್ಧ ಲಕ್ಷ ದಾಟುತ್ತದೆ. ನಮ್ಮಲ್ಲಿ ಏಳು ಜನರಿಗೆ ಎರಡು ಇದ್ದವು.

ಅವನ್ನು ಸಾಗಿಸುವುದೇ ಒಂದು ಸರ್ಕಸ್. ಆಗ ಬಸ್ಸಿನ ಮೇಲೆ ಕ್ಯಾರಿಯರ್ ಇತ್ತು. ಹಳೇ ಬೆಡ್‌ಶೀಟ್ ಸುತ್ತಿ, ಹಗ್ಗ ಬಿಗಿದು ಮೇಲೆ ಹಾಕುತ್ತಿದ್ದೆವು. ಕಂಡಕ್ಟರ್ "ಇದೆಂತ ಮಾರಾಯ್ರೆ, ಬೋರ್‌ವೆಲ್ ಪೈಪಾ?" ಅಂತ ಕೇಳುತ್ತಿದ್ದ. ಇಳಿಸಿದ ಮೇಲೆ ಮೊದಲ ಕೆಲಸ ಉಗುರು ಆಡಿಸುವುದು. ಪೋಲ್‌ನ ಈ ತುದಿಯಿಂದ ಆ ತುದಿಗೆ ಹೆಬ್ಬೆರಳ ಉಗುರನ್ನು ಮೆಲ್ಲಗೆ ಎಳೆಯಬೇಕು. ಎಲ್ಲಾದರೂ ಟಕ್ ಅಂತ ಸಿಕ್ಕಿಹಾಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ. ಬಗ್ಗಿದಾಗ ಫೈಬರ್ ಗ್ಲಾಸ್ ಮುರಿಯುವುದು ಅಲ್ಲೇ.

ನನ್ನ ಕಾಲು ಹೋದದ್ದು ಗೀರಿನಿಂದಲ್ಲ, ದುರಾಸೆಯಿಂದ. ಒಂದು ಕೂಟದಲ್ಲಿ ಬೇರೆ ತಂಡದವನ ಪೋಲ್ ಸಾಲ ತಗೊಂಡೆ. ನನ್ನ ತೂಕಕ್ಕಿಂತ ಹತ್ತು ಕೆಜಿ ಮೇಲಿನದ್ದು. ಓಡಿದೆ, ಬಾಕ್ಸ್‌ಗೆ ಊರಿದೆ, ಪೋಲ್ ಬಗ್ಗಲೇ ಇಲ್ಲ. ಅರ್ಧ ಎದ್ದು ನಿಂತು ಒಂದು ಗಳಿಗೆ ಯೋಚನೆ ಮಾಡಿ, ನನ್ನನ್ನು ಬಂದ ದಾರಿಗೇ ವಾಪಸ್ ಬಿಟ್ಟಿತು. ಬಲಗಾಲು ಬಾಕ್ಸ್‌ನ ಅಂಚಿಗೆ ಬಿತ್ತು. ಆರು ವಾರ ಬ್ಯಾಂಡೇಜು. ಅಮ್ಮ ಮಾತ್ರ ಇವತ್ತಿಗೂ "ಕೋಲು ಹಿಡಿದು ಹಾರಲಿಕ್ಕೆ ನೀನೇನು ಹನುಮಂತನಾ" ಅಂತ ಕೇಳುತ್ತಾರೆ.

ಇನ್ನು ದೊಡ್ಡವರ ಬದುಕು. ಟಿವಿಯಲ್ಲಿ ಕಾಣುವುದು ದಾಖಲೆ. ಒಳಗಿರುವುದು ಸೊನ್ನೆ. ಒಂದು ಎತ್ತರಕ್ಕೆ ಮೂರು ಅವಕಾಶ. ಸತತ ಮೂರು ತಪ್ಪಿದರೆ ಮನೆಗೆ. ಮೊದಲ ಎತ್ತರದಲ್ಲೇ ಮೂರೂ ತಪ್ಪಿದರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಅಂಕಿಯೇ ಇರುವುದಿಲ್ಲ. ಉಕ್ರೇನಿನ ಸೆರ್ಗೈ ಬುಬ್ಕಾ ವಿಶ್ವದಾಖಲೆ ಮುರಿದದ್ದು 35 ಸಲ, ವಿಶ್ವ ಚಾಂಪಿಯನ್ ಆದದ್ದು ಆರು ಸಲ. ಒಲಿಂಪಿಕ್ ಚಿನ್ನ? ಒಂದೇ, 1988ರ ಸೋಲ್‌ನಲ್ಲಿ. 1992ರ ಬಾರ್ಸಿಲೋನಾದಲ್ಲಿ ಒಂದೂ ಎತ್ತರ ದಾಟಲಿಲ್ಲ. 1996ರಲ್ಲಿ ಹಿಮ್ಮಡಿಯ ನರದ ನೋವು, ಹಾರಲೇ ಇಲ್ಲ. 2000ದ ಸಿಡ್ನಿಯಲ್ಲಿ ಮತ್ತೆ ಸೊನ್ನೆ. ಇಸಿನ್‌ಬಯೇವಾ 2009ರ ಆಗಸ್ಟ್‌ನಲ್ಲಿ ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೊನ್ನೆ ತಗೊಂಡು, ಹನ್ನೊಂದೇ ದಿನದಲ್ಲಿ ಜ್ಯೂರಿಕ್‌ನಲ್ಲಿ 5.06 ಹಾರಿ ವಿಶ್ವದಾಖಲೆ ಮಾಡಿದಳು. ಪೋಲ್ ಅದೇ, ಹೆಂಗಸು ಅದೇ!

ಇದಕ್ಕಿಂತ ಹೊಟ್ಟೆ ಉರಿಸುವುದು ಒಬಿಯೆನಾದು. 2024ರ ಪ್ಯಾರಿಸ್‌ನಲ್ಲಿ ಅವನೂ ಗ್ರೀಸಿನ ಕರಾಲಿಸ್‌ನೂ ಹಾರಿದ್ದು 5.90. ಎತ್ತರ ಸಮ ಆದಾಗ ಯಾರು ಕಡಿಮೆ ತಪ್ಪಿದ್ದಾರೆ ಅಂತ ನೋಡುತ್ತಾರೆ. ಕಂಚು ಕರಾಲಿಸ್‌ಗೆ ಹೋಯಿತು, ಇವನು ನಾಲ್ಕನೆಯವನಾದ. ಅದೇ ರಾತ್ರಿ ಡುಪ್ಲಾಂಟಿಸ್ ಮೂರನೇ ಪ್ರಯತ್ನದಲ್ಲಿ 6.25 ಹಾರಿ ವಿಶ್ವದಾಖಲೆ ಮಾಡಿದ. ಮರುವರ್ಷ ಟೋಕಿಯೋದಲ್ಲಿ 6.30. ಪ್ರತಿ ಸಲ ದಾಖಲೆಯನ್ನು ಒಂದೊಂದೇ ಸೆಂಟಿಮೀಟರ್ ಏರಿಸುತ್ತಾನೆ ಅಂತ ಕೆಲವರು ನಗುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವದಾಖಲೆ ಮಾಡಿದರೆ ಒಂದು ಲಕ್ಷ ಡಾಲರ್ ಬೋನಸ್ ಉಂಟು. ನಾನಾಗಿದ್ದರೂ ಒಂದೊಂದೇ ಏರಿಸುತ್ತಿದ್ದೆ.

ನಮ್ಮವರಿಗೆ ಆ ದುಡ್ಡು ದೂರ. 2025ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ದೇವ್ ಮೀನಾ 5.35 ಹಾರಿ ರಾಷ್ಟ್ರೀಯ ದಾಖಲೆ ಮಾಡಿದ. ಹುಡುಗ ಒಳ್ಳೆಯವನು, ಇನ್ನೂ ಏರುತ್ತಾನೆ. ಆದರೆ 1942ರಲ್ಲೇ ಅಮೆರಿಕದ ವಾರ್ಮರ್‌ಡ್ಯಾಮ್ ಬಿದಿರಿನ ಕೋಲು ಹಿಡಿದು 4.77 ಹಾರಿದ್ದ. ನಮ್ಮಲ್ಲಿ ದೋಟಿ ಮಾಡುವ ಬಿದಿರು! ಇಷ್ಟು ವರ್ಷದ ಮೇಲೆ, ಫೈಬರ್ ಗ್ಲಾಸ್ ಬಂದ ಮೇಲೂ ನಾವು ಅದಕ್ಕಿಂತ ಎರಡೂವರೆ, ಮೂರು ಗೇಣು ಮೇಲಿದ್ದೇವೆ ಅಷ್ಟೇ. ಇಲ್ಲಿ ಚೆನ್ನಾಗಿ ಹಾರಿದವರಿಗೆ ಸಿಗುವುದು ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ, ಸೇನೆ, ಪೊಲೀಸ್ ಕೆಲಸ. ಅದೇನು ಸಣ್ಣದಲ್ಲ. ನನ್ನ ಜೊತೆ ಹಾರಿದವನೊಬ್ಬ ಹಾಗೆಯೇ ಮನೆ ಕಟ್ಟಿಸಿದ.

ಮಗಳಿಗೆ ಈಗಲೇ ಏನು ಮಾಡಿಸಬೇಕು? ಹೈಜಂಪ್ ಬಿಡಿಸಬೇಡಿ, ಜೊತೆಗೆ ನೂರು ಮೀಟರ್ ಓಡಿಸಿ. ಪೋಲ್‌ವಾಲ್ಟ್ ಮುಕ್ಕಾಲು ಪಾಲು ಓಟ. ಓಟದ ರಭಸವನ್ನೇ ಪೋಲ್ ಬಗ್ಗಿ ತಗೊಂಡು ಎತ್ತರವಾಗಿ ವಾಪಸ್ ಕೊಡುವುದು. ಹಗ್ಗ ಹತ್ತಿಸಿ, ತಲೆಕೆಳಗಾಗಿ ನೇತಾಡಲು ಹೆದರಿಕೆ ಹೋಗಲಿ. ಕಲಿಸುವವರು ಬಂದ ಮೊದಲ ದಿನವೇ ಬಾರ್ ಇಟ್ಟರೆ ಅವರ ಹತ್ತಿರ ಬಿಡಬೇಡಿ. ಸರಿಯಾದವರು ತಿಂಗಳುಗಟ್ಟಲೆ ಪೋಲ್ ಹೊತ್ತು ನಡೆಸುತ್ತಾರೆ, ಗಿಡ್ಡ ಪೋಲ್‌ನಲ್ಲಿ ಊರುವುದನ್ನೇ ಮಾಡಿಸುತ್ತಾರೆ. ಅವಳಿಗೆ ಬೋರ್ ಆಗುತ್ತದೆ, ಆಗಲಿ.

ಮತ್ತೆ ಸೇರಿಸುವ ಮೊದಲು ಒಂದು ದಿನ ನೀವೇ ಹೋಗಿ, ಮಳೆ ಬಿಟ್ಟು ನವೆಂಬರ್ ಬಂದ ಮೇಲೆ. ಟಾರ್ಪಾಲ್ ಎತ್ತಿಸಿ ಬೆಡ್ಡಿನ ನಡುವೆ ಮೊಣಕಾಲು ಊರಿ ಒತ್ತಿ. ಪ್ಯಾಂಟು ಒದ್ದೆ ಆದರೆ ಆ ವರ್ಷ ಹೈಜಂಪೇ ಇರಲಿ.