ಸುಪ್ತ ಕ್ಷಯ ಸೋಂಕಿಗೆ ಖಚಿತವಾದ ಪರೀಕ್ಷೆ ಏಕಿಲ್ಲ?

ಕ್ಷಯದ ರೋಗಾಣು ದೇಹದಲ್ಲಿದ್ದರೂ ಕಾಯಿಲೆ ತರದೆ ಅಡಗಿರುವ ಸುಪ್ತ ಸೋಂಕಿನಲ್ಲಿ ಕೆಮ್ಮು, ಜ್ವರಗಳಿರುವುದಿಲ್ಲ, ಕಫದಲ್ಲಿ ರೋಗಾಣುವೂ ಸಿಗುವುದಿಲ್ಲ. ಹಾಗಾಗಿ ಈಗ ಬಳಕೆಯಲ್ಲಿರುವ ಪರೀಕ್ಷೆಗಳು ಅಳೆಯುವುದು ರೋಗಾಣುವನ್ನಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಗೆ ಅದರ ಪರಿಚಯವಾಗಿದೆಯೇ ಎಂಬುದನ್ನು. ಮುಂಗೈ ಚರ್ಮದೊಳಗೆ ಟ್ಯೂಬರ್ಕುಲಿನ್ (ಕ್ಷಯ ರೋಗಾಣುವಿನಿಂದ ತೆಗೆದ ಪ್ರೋಟೀನು) ಚುಚ್ಚಿ, 48ರಿಂದ 72 ಗಂಟೆಗಳ ನಂತರ ಗಟ್ಟಿಯಾದ ಉಬ್ಬನ್ನು (ಸುತ್ತಲಿನ ಕೆಂಪನ್ನಲ್ಲ) ಮಿಲಿಮೀಟರ್‌ಗಳಲ್ಲಿ ಅಳೆಯುವ ಮಾಂಟೂ ಪರೀಕ್ಷೆಯು ಕ್ಷಯದ ವಿರುದ್ಧದ ಬಿಸಿಜಿ ಲಸಿಕೆ ಪಡೆದವರಲ್ಲಿ ಸೋಂಕಿಲ್ಲದೆಯೂ ಪಾಸಿಟಿವ್ ಬರಬಹುದು. ಇಗ್ರಾ ಎಂಬ ರಕ್ತಪರೀಕ್ಷೆಗೆ ಈ ತೊಡಕಿಲ್ಲ. ಅದರಲ್ಲಿ ರಕ್ತಕ್ಕೆ ಸೇರಿಸುವ, ಕ್ಷಯ ರೋಗಾಣುವಿನ ಇಸ್ಯಾಟ್-6 ಮತ್ತು ಸಿಎಫ್‌ಪಿ-10 ಪ್ರೋಟೀನುಗಳ ಜೀನ್‌ಗಳು ಬಿಸಿಜಿ ಲಸಿಕೆಯಲ್ಲಿರುವ ಬ್ಯಾಕ್ಟೀರಿಯಾ ತಳಿಯಲ್ಲಿ ಇಲ್ಲದಿರುವುದರಿಂದ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸಿದರೆ ಅದಕ್ಕೆ ಲಸಿಕೆ ಕಾರಣವಲ್ಲ.

ಆದರೆ ನನ್ನ ಪ್ರಕಾರ ನಿಜವಾದ ಪ್ರಶ್ನೆ ಬೇರೆ. ಸೋಂಕಿತರಲ್ಲಿ ಸುಮಾರು ಶೇ 5ರಿಂದ 10ರಷ್ಟು ಜನರಿಗೆ ಮಾತ್ರ ಜೀವಿತಾವಧಿಯಲ್ಲಿ ಕಾಯಿಲೆ ಬರುತ್ತದೆ. ಅವರು ಯಾರೆಂಬುದನ್ನು ಈ ಎರಡೂ ಪರೀಕ್ಷೆಗಳು ಸರಿಯಾಗಿ ಹೇಳಲಾರವು, ಸುಪ್ತ ಸೋಂಕನ್ನು ಸಕ್ರಿಯ ಕಾಯಿಲೆಯಿಂದ ಬೇರ್ಪಡಿಸಲೂ ಆರವು. ದಕ್ಷಿಣ ಆಫ್ರಿಕಾದ ಹದಿಹರೆಯದವರ ರಕ್ತವನ್ನು ಆಧರಿಸಿ 2016ರಲ್ಲಿ ಪ್ರಕಟವಾದ 16 ಜೀನ್‌ಗಳ ಚಟುವಟಿಕೆಯನ್ನು ಅಳೆಯುವ ಸೂಚಕವು ಇದಕ್ಕೆ ಉತ್ತರ ಹುಡುಕಿತು. ಆದರೆ ಇಂತಹ ಸೂಚಕಗಳು ಕಾಯಿಲೆ ಹತ್ತಿರವಾದಾಗಲೇ ಸ್ಪಷ್ಟವಾಗುತ್ತವೆ. ಜೊತೆಗೆ ಸಾಮಾನ್ಯ ವೈರಲ್ ಸೋಂಕುಗಳೂ ಈ ಸೂಚಕಗಳು ಅಳೆಯುವಂತಹ, ಇಂಟರ್‌ಫೆರಾನ್‌ಗೆ ಸ್ಪಂದಿಸುವ ಜೀನ್‌ಗಳನ್ನೇ ಕೆರಳಿಸುತ್ತವೆ.